ಮೋರಿಯೇ ಇಲ್ಲದ ಕಡೆ ಡೆಂಗ್ಯೂ ಹೇಗೆ ಬರುತ್ತದೆ?

ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಯಾವ ಸೊಳ್ಳೆಯಿಂದ ಯಾವ ಕಾಯಿಲೆ ಬರುತ್ತದೆ ಎಂಬ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕೀಟತಜ್ಞರ ಉತ್ತರ.

ನಮ್ಮ ಮನೆ ಸುತ್ತ ಕಸವಿಲ್ಲ, ತೆರೆದ ಮೋರಿಯೂ ಇಲ್ಲ. ಆದರೂ ಮಗಳಿಗೆ ಡೆಂಗ್ಯೂ ಬಂತು. ಸೊಳ್ಳೆ ಎಲ್ಲಿಂದ ಬಂದಿರಬಹುದು?

ಮೊದಲು ಮಗಳು ಚೆನ್ನಾಗಿ ಸುಧಾರಿಸಿಕೊಳ್ಳಲಿ. ಜ್ವರ ಬಿಟ್ಟ ಮೇಲೂ ಕೆಲವು ವಾರ ಸುಸ್ತು ಇರಬಹುದು. ಅವಸರ ಮಾಡಬೇಡಿ.

ಇನ್ನು ಸೊಳ್ಳೆ ವಿಷಯ. ಡೆಂಗ್ಯೂ ಹರಡುವುದರಲ್ಲಿ ಮುಖ್ಯವಾದದ್ದು ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ. ಮೈ ಕಪ್ಪು, ಕಾಲಿನ ಮೇಲೆ ಬಿಳಿ ಪಟ್ಟೆ. ಇದು ಸಾಮಾನ್ಯವಾಗಿ ಮೋರಿಯ ಕೊಳಕು ನೀರಿನ ಕಡೆ ಹೋಗುವುದಿಲ್ಲ. ಇದಕ್ಕೆ ಬೇಕಾಗಿರುವುದು ನಾವು ತುಂಬಿಟ್ಟುಕೊಂಡ ತಿಳಿ ನೀರು. ಮುಚ್ಚಳ ಸರಿಯಾಗಿ ಕೂರದ ಡ್ರಮ್, ಸಂಪು, ಹೂಕುಂಡದ ಕೆಳಗಿನ ತಟ್ಟೆ, ಕೂಲರ್, ಫ್ರಿಜ್ ಹಿಂದಿನ ಟ್ರೇ, ತಾರಸಿಯ ಮೂಲೆಯಲ್ಲಿ ಬಿದ್ದಿರುವ ಹಳೇ ಟೈರು. ಒಂದು ಬಾಟಲಿ ಮುಚ್ಚಳದಷ್ಟು ನೀರಿದ್ದರೂ ಸಾಕು. ಹುಟ್ಟಿದ ಜಾಗದಿಂದ ತುಂಬಾ ದೂರ ಹಾರುವ ಸೊಳ್ಳೆಯೂ ಇದಲ್ಲ, ಸಾಮಾನ್ಯವಾಗಿ 100–200 ಮೀಟರ್ ಆಸುಪಾಸು. ಹಾಗಾಗಿ ಅದು ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಅಥವಾ ಮಗಳು ಹಗಲು ಕಳೆಯುವ ಶಾಲೆಯಲ್ಲಿ ಹುಟ್ಟಿರುವ ಸಾಧ್ಯತೆಯೇ ಜಾಸ್ತಿ.

ಹೂಕುಂಡ ಎತ್ತಿ, ಕೆಳಗಿನ ತಟ್ಟೆಗೆ ಟಾರ್ಚ್ ಬಿಟ್ಟು ನೋಡಿ. ಸೊಳ್ಳೆಯ ಮರಿಹುಳಗಳು ತಲೆ ಕೆಳಗೆ ಮಾಡಿಕೊಂಡು ನೀರಿನ ಮೇಲ್ಭಾಗಕ್ಕೆ ನೇತುಬಿದ್ದಿರುತ್ತವೆ. ಹಿಂಭಾಗದ ತುದಿಯಲ್ಲಿರುವ ಚಿಕ್ಕ ಕೊಳವೆಯಿಂದ ಉಸಿರಾಡುತ್ತವೆ. ಬೆಳಕು ಬಿದ್ದ ಕೂಡಲೇ ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಸ್ವಲ್ಪ ಹೊತ್ತು ಸುಮ್ನೆ ಕಾದರೆ ಉಸಿರಿಗಾಗಿ ಒಂದೊಂದೇ ಮೇಲೆ ಬರುತ್ತವೆ. ಅವುಗಳ ಮಧ್ಯೆ ಅಲ್ಪವಿರಾಮದ ಹಾಗೆ ಬಾಗಿದ ಒಂದೆರಡು ಕಾಣಿಸಿದರೆ ತಡ ಮಾಡಬೇಡಿ. ಅದು ಪ್ಯೂಪಾ, ಕೋಶದ ಹಂತ. ಇನ್ನೆರಡು ದಿನ ಬಿಟ್ಟರೆ ರೆಕ್ಕೆ ಬಂದು ಹಾರಿಹೋಗುತ್ತದೆ.

ವಾರಕ್ಕೊಮ್ಮೆ ಡ್ರಮ್ ನೀರು ಚೆಲ್ಲುತ್ತೇವೆ. ಆದರೂ ಮತ್ತೆ ಹುಳ ಬರುತ್ತದೆ, ಯಾಕೆ?

ಚೆಲ್ಲುತ್ತೀರಿ ಸರಿ, ಉಜ್ಜುತ್ತೀರಾ? ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿಗೆ ಹಾಕುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ ಅಂಟಿಸುತ್ತದೆ. ಕಪ್ಪು ಚುಕ್ಕಿಯಷ್ಟಿರುವ ಆ ಮೊಟ್ಟೆ ಕಣ್ಣಿಗೆ ಬೀಳುವುದೇ ಕಷ್ಟ. ನೀರು ಚೆಲ್ಲಿದರೂ ಅದು ಅಲ್ಲೇ ಇರುತ್ತದೆ. ಒಣಗಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ನೀರು ತುಂಬಿ ಮೊಟ್ಟೆ ನೆನೆದ ಕೂಡಲೇ ಮರಿಯಾಗುತ್ತದೆ. ಮಳೆ ಶುರುವಾದ ಕೆಲವೇ ದಿನಗಳಲ್ಲಿ ಸೊಳ್ಳೆ ಏಕಾಏಕಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಪೂರ್ತಿ ಖಾಲಿ ಮಾಡಿ, ಒರಟು ಬ್ರಷ್ಷಿನಿಂದ ಒಳಗೋಡೆಯನ್ನು, ಅದರಲ್ಲೂ ನೀರಿನ ಗೆರೆಯ ಆಸುಪಾಸನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ. ಬಿಸಿಲಲ್ಲಿ ಒಣಗಿಸಿ, ಆಮೇಲೆ ತುಂಬಿಸಿ ಮುಚ್ಚಿ. ವಾರಕ್ಕೊಮ್ಮೆ ಎಂದು ಹೇಳುವುದಕ್ಕೂ ಲೆಕ್ಕವಿದೆ. ಸೆಕೆಗಾಲದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅಷ್ಟರೊಳಗೆ ಒಂದು ಸಲ ನಿಮ್ಮ ಕೈ ಬೀಳಬೇಕು. ಖಾಲಿ ಮಾಡಲು ಆಗದ ದೊಡ್ಡ ತೊಟ್ಟಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಅಥವಾ ಗಪ್ಪಿ ಮೀನು ಬಿಡಿ. ಅವು ಹುಳಗಳನ್ನು ತಿನ್ನುತ್ತವೆ.

ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡೇ ಮಲಗುತ್ತೇವೆ. ಅಷ್ಟು ಸಾಕಲ್ವಾ?

ಮಲೇರಿಯಾಕ್ಕೆ ಅದು ಬಹಳ ಒಳ್ಳೆಯ ರಕ್ಷಣೆ, ಖಂಡಿತ ಬಿಡಬೇಡಿ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಸಂಜೆಯಿಂದ ಬೆಳಗಿನ ಜಾವದವರೆಗೆ. ಗೋಡೆ ಮೇಲೆ ಕೂತಾಗ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ, ಗುರುತು ಹಿಡಿಯುವುದು ಸುಲಭ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಮೊದಲು ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಅಷ್ಟು ಹಿಂದೆಯೇ ಕಾರಣ ಗೊತ್ತಾಗಿದ್ದರೂ 2022ರಲ್ಲಿ ಸುಮಾರು 6 ಲಕ್ಷ ಜನ ಮಲೇರಿಯಾದಿಂದ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು. ಚಳಿ ನಡುಕದ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಬೇಗ ಔಷಧಿ ಸಿಕ್ಕರೆ ಉಳಿಸಿಕೊಳ್ಳಬಹುದಾದ ಜೀವಗಳು ಅವು.

ಆದರೆ ಈಡಿಸ್ ಕಚ್ಚುವುದು ಹಗಲಲ್ಲಿ. ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಸ್ವಲ್ಪ ಹೊತ್ತು, ಮತ್ತೆ ಸಂಜೆ ಕತ್ತಲಾಗುವ ಮುಂಚೆ ಇದರ ಕಾಟ ಹೆಚ್ಚು. ಮೇಜಿನ ಕೆಳಗೆ, ಕಿಟಕಿ ಪರದೆ ಹಿಂದೆ ಅಡಗಿದ್ದು ಕಾಲಿನ ಗಿಣ್ಣಿನ ಹತ್ತಿರ ಕಚ್ಚುತ್ತದೆ. ಡೆಂಗ್ಯೂ, ಚಿಕುನ್‌ಗುನ್ಯ, ಝೀಕಾ, ಹಳದಿ ಜ್ವರ ಈ ನಾಲ್ಕನ್ನೂ ಹರಡುವುದು ಇದೇ. ಹಗಲು ಮಲಗುವ ಹಸುಗೂಸುಗಳಿಗೆ ಹಗಲಲ್ಲೂ ಪರದೆ ಬೇಕು. ದೊಡ್ಡವರು ಮೈ ತುಂಬಾ ಬಟ್ಟೆ ಹಾಕಿಕೊಂಡು, ತೆರೆದ ಕೈಕಾಲಿಗೆ ಸೊಳ್ಳೆ ನಿವಾರಕ ಕ್ರೀಮ್ ಹಚ್ಚಿಕೊಳ್ಳಬೇಕು.

ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವುದು ಹೆಚ್ಚಾಗಿ ಕ್ಯೂಲೆಕ್ಸ್. ಮೋರಿ, ಶೌಚಗುಂಡಿಯ ಕೊಳಕು ನೀರಿನಲ್ಲಿ ಹುಟ್ಟುವುದು ಇದರ ಒಂದು ಜಾತಿ. ಇದರಿಂದ ಆನೆಕಾಲು ರೋಗ ಬರುತ್ತದೆ. ಒಂದೆರಡು ಸಲ ಕಚ್ಚಿದ ಮಾತ್ರಕ್ಕೆ ಬರುವ ಕಾಯಿಲೆ ಅಲ್ಲ ಅದು, ತಿಂಗಳುಗಟ್ಟಲೆ ಮತ್ತೆ ಮತ್ತೆ ಕಚ್ಚಿಸಿಕೊಂಡಿರಬೇಕು. ಅದೇ ಗುಂಪಿನ ಇನ್ನೊಂದು ಜಾತಿ ನೀರು ನಿಂತ ಭತ್ತದ ಗದ್ದೆಗಳಲ್ಲಿ ಹುಟ್ಟಿ, ಹಂದಿ ಮತ್ತು ನೀರುಹಕ್ಕಿಗಳಿಂದ ಮನುಷ್ಯರಿಗೆ ಜಪಾನೀಸ್ ಮಿದುಳು ಜ್ವರ ತರುತ್ತದೆ. ಅದಕ್ಕೆ ಲಸಿಕೆ ಇದೆ.

ಫಾಗಿಂಗ್ ಮಾಡಿಸಿದರೆ ಸಮಸ್ಯೆ ಮುಗಿಯುತ್ತದಾ?

ಇಲ್ಲ. ಆ ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನಲ್ಲಿರುವ ಹುಳಕ್ಕೆ, ಗೋಡೆಗಂಟಿದ ಮೊಟ್ಟೆಗೆ ಏನೂ ಆಗುವುದಿಲ್ಲ. ಈಡಿಸ್ ಮನೆಯೊಳಗೆ ಇರುವುದರಿಂದ ಬೀದಿಯಲ್ಲಿ ಬಿಟ್ಟ ಹೊಗೆ ಅದನ್ನು ಮುಟ್ಟುವುದೇ ಕಡಿಮೆ. ಕಾಯಿಲೆ ಜೋರಾಗಿ ಹರಡುತ್ತಿರುವಾಗ ತುರ್ತಿಗೆ ಬೇಕಾಗಬಹುದು. ಉಳಿದ ದಿನಗಳಲ್ಲಿ ಮನೆಮನೆಗೆ ಹೋಗಿ ತೊಟ್ಟಿ, ಡ್ರಮ್ ನೋಡುವವರನ್ನು ಕಳಿಸಿ ಎಂದು ಕೇಳುವುದು ಮೇಲು.

ಸೊಳ್ಳೆಯಿಂದ ಎಚ್‌ಐವಿ ಬರುತ್ತದಾ?

ಬರುವುದಿಲ್ಲ. ಆ ವೈರಸ್ ಸೊಳ್ಳೆಯ ದೇಹದಲ್ಲಿ ಬೆಳೆಯುವುದಿಲ್ಲ.

ನನಗೆ ಒಮ್ಮೆ ಡೆಂಗ್ಯೂ ಆಗಿದೆ. ಮತ್ತೆ ಬರುವುದಿಲ್ಲ ಅಂದುಕೊಳ್ಳಬಹುದಾ?

ಬರಬಹುದು. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಒಂದು ಬಗೆ ಬಂದು ಹೋದರೆ ಅದೇ ಬಗೆ ಮತ್ತೆ ಬರದಂತೆ ದೀರ್ಘಕಾಲದ ರಕ್ಷಣೆ ಸಿಗುತ್ತದೆ, ಉಳಿದ ಮೂರಕ್ಕೆ ಹಾಗಲ್ಲ. ಎರಡನೇ ಸಲ ಬೇರೆ ಬಗೆಯದು ತಗುಲಿದಾಗ ಕಾಯಿಲೆ ತೀವ್ರವಾಗುವ ಅಪಾಯ ಜಾಸ್ತಿ. ನೀವು ಬೇರೆಯವರಿಗಿಂತ ಹೆಚ್ಚು ಹುಷಾರಾಗಿರಬೇಕು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಾಗಬಹುದು. ನೀರಿನಂಶ ಹೆಚ್ಚು ತೆಗೆದುಕೊಳ್ಳಿ. ಬಹಳ ಜನ ಎಡವುವುದು ಜ್ವರ ಇಳಿದಾಗ. 3ರಿಂದ 7ನೇ ದಿನದೊಳಗೆ ಮೈ ಬಿಸಿ ಕಡಿಮೆಯಾಗುತ್ತದೆ, ವಾಸಿಯಾಯಿತು ಅಂದುಕೊಳ್ಳುತ್ತಾರೆ. ತೀವ್ರ ಡೆಂಗ್ಯೂ ಶುರುವಾಗುವುದೂ ಅದೇ ಹೊತ್ತಿಗೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಉಸಿರಾಟದ ತೊಂದರೆ, ವಿಪರೀತ ಸುಸ್ತು ಅಥವಾ ಚಡಪಡಿಕೆ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಜ್ವರದ ಮೊದಲ ವಾರ ರೋಗಿಯನ್ನು ಹಗಲಲ್ಲೂ ಪರದೆಯೊಳಗೇ ಮಲಗಿಸಿ. ಆ ದಿನಗಳಲ್ಲಿ ಅವರನ್ನು ಕಚ್ಚಿದ ಸೊಳ್ಳೆ 8ರಿಂದ 12 ದಿನಗಳ ನಂತರ ವೈರಸ್ ಹರಡಲು ಶುರು ಮಾಡುತ್ತದೆ, ಬದುಕಿರುವಷ್ಟು ದಿನವೂ ಹರಡುತ್ತಲೇ ಇರುತ್ತದೆ.