ಗ್ರೋ ಲೈಟಿಗೆ ಫ್ಯಾನು ಬೇಕೇ?

ಪ್ರಶ್ನೆ: ಮಳೆಗಾಲದ ಮಬ್ಬಿನಲ್ಲಿ ಆಂಥೂರಿಯಂ ಸಸಿಗಳಿಗೂ ಕರಿಮೆಣಸಿನ ಎಳೆಬಳ್ಳಿಗಳಿಗೂ ಬೆಳಕು ಸಾಲದೆಂದು ನಮ್ಮ ನರ್ಸರಿಯ ಶೆಡ್ಡಿನಲ್ಲಿ ಫ್ಯಾನಿರುವ ಎಲ್‌ಇಡಿ ಗ್ರೋ ಲೈಟೊಂದನ್ನು ತೂಗುಹಾಕಿದ್ದೆವು. ಎರಡನೆಯ ಮಳೆಗಾಲದಲ್ಲಿ ಫ್ಯಾನು ನಿಂತಿತು, ದೀಪದ ಬೆನ್ನು ಮುಟ್ಟಲಾಗದಷ್ಟು ಕಾಯತೊಡಗಿತು, ಈಗ ಒಂದು ಸಾಲು ಪೂರ್ತಿ ಉರಿಯುತ್ತಿಲ್ಲ. ಎಲ್‌ಇಡಿ ಬಿಸಿಯಾಗುವುದಿಲ್ಲ ಎನ್ನುತ್ತಾರಲ್ಲ? ಹೊಸದನ್ನು ಕೊಳ್ಳುವಾಗ ಏನು ನೋಡಬೇಕು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಆ ಮಾತು ಅರ್ಧ ಮಾತ್ರ ನಿಜ. ಹಳೆಯ ತಂತಿ ಬಲ್ಬು ತನ್ನ ಶಾಖವನ್ನು ಬೆಳಕಿನ ಜೊತೆಗೇ ಮುಂದಕ್ಕೆ ಸೂಸುತ್ತಿತ್ತು. ಎಲ್‌ಇಡಿಯ ಬೆಳಕಿನಲ್ಲಿ ಅಷ್ಟು ಕಾವಿಲ್ಲ. ಆದರೆ ಅದು ಹೀರುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಬೆಳಕು ಕೊಡುವ ಪುಟ್ಟ ಚಿಪ್ ಒಳಗೇ ಶಾಖವಾಗಿ, ಬೆನ್ನಿನ ಲೋಹದ ಮೂಲಕವೇ ಹೊರಹೋಗಬೇಕಾಗುತ್ತದೆ. ಆ ದಾರಿ ಕಟ್ಟಿತೆಂದರೆ ಬೆಳಕು ಕುಗ್ಗುತ್ತದೆ, ಆಯುಸ್ಸು ತಗ್ಗುತ್ತದೆ. ಎಲ್‌ಇಡಿಗಳನ್ನು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದು ಸುಟ್ಟರೂ ಸಾಲೇ ಆರುತ್ತದೆ. ನಿಮ್ಮಲ್ಲಿ ಆಗಿರುವುದೂ ಬಹುಶಃ ಇದೇ.

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗದ ಊರಿನಲ್ಲಿ, ತೇವದ ಗಾಳಿಯನ್ನೂ ಧೂಳನ್ನೂ ಹುಳುವನ್ನೂ ಒಳಕ್ಕೆಳೆಯುವ ಚಿಕ್ಕ ಫ್ಯಾನು ಹೆಚ್ಚು ದಿನ ಬಾಳುವುದನ್ನು ನಿರೀಕ್ಷಿಸಲಾಗದು. ಆದ್ದರಿಂದ ಫ್ಯಾನಿಲ್ಲದ, ದಪ್ಪ ಅಲ್ಯೂಮಿನಿಯಂ ಬೆನ್ನಿಗೆ ಶಾಖವನ್ನು ಗಾಳಿಗೆ ಬಿಡುವ ಎತ್ತರದ ಲೋಹದ ರೆಕ್ಕೆಗಳಿರುವ ದೀಪವನ್ನೇ ಕೊಳ್ಳಿರಿ ಎಂಬುದು ನನ್ನ ಸ್ಪಷ್ಟ ಸಲಹೆ. ಅದು ಭಾರವಾಗಿಯೇ ಇರುತ್ತದೆ. ಹೆಚ್ಚು ವಾಟಿನ ದೀಪ ಕೈಗೆ ಹಗುರವೆನಿಸಿದರೆ ಅನುಮಾನಿಸಬೇಕು. (ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ 1000 ವಾಟ್ ಎಂಬುದನ್ನು ನಂಬದೆ, ದೀಪ ನಿಜಕ್ಕೂ ಎಳೆಯುವ ವಾಟನ್ನು ಕೇಳಿ ತಿಳಿಯಿರಿ.) ನೀರು ಸಿಡಿದರೂ ಒಳಸೇರದಂತೆ ಐಪಿ65 ಮಟ್ಟದ ರಕ್ಷಣೆ ಇರಲಿ.

ಎಲ್‌ಇಡಿಗಿಂತ ಮೊದಲು ಕೈಕೊಡುವುದು ಎಷ್ಟೋ ಸಲ ಡ್ರೈವರ್, ಅಂದರೆ ಮನೆಯ ಕರೆಂಟನ್ನು ದೀಪಕ್ಕೆ ತಕ್ಕಂತೆ ಹದಗೊಳಿಸಿ ಕೊಡುವ ಪೆಟ್ಟಿಗೆ. ಅದರೊಳಗಿನ ಕೆಪಾಸಿಟರುಗಳ ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆಯಾದ್ದರಿಂದ, ದೀಪದ ಬೆನ್ನಿಗೇ ಅಂಟಿಸಿರುವ ಡ್ರೈವರಿಗಿಂತ ಬೇರ್ಪಡಿಸಿ ಗೋಡೆಯ ಮೇಲೆ ಕೂರಿಸಬಹುದಾದ, ಒಳಗೆಲ್ಲ ರಾಳ ತುಂಬಿ ಮುಚ್ಚಿದ ಡ್ರೈವರ್ ಮೇಲು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವಾಗಿನ ವೋಲ್ಟೇಜಿನ ಏರಿಳಿತಕ್ಕೆ ಸರ್ಜ್ ರಕ್ಷಣೆಯೂ, ಒದ್ದೆ ಶೆಡ್ಡಿನಲ್ಲಿ ಲೋಹದ ಮೈಗೆ ಅರ್ಥಿಂಗೂ ಕಡ್ಡಾಯ.

ಸಾಧ್ಯವಿದ್ದರೆ ಅಗತ್ಯಕ್ಕಿಂತ ಒಂದು ಅಳತೆ ದೊಡ್ಡದನ್ನು ಕೊಂಡು ಡಿಮ್ಮರಿನಿಂದ ತಗ್ಗಿಸಿ ಉರಿಸಿರಿ. ಕಡಿಮೆ ಕರೆಂಟಿನಲ್ಲಿ ಎಲ್‌ಇಡಿ ಅದೇ ಯೂನಿಟ್ಟಿಗೆ ತುಸು ಹೆಚ್ಚು ಬೆಳಕು ಕೊಡುತ್ತದೆ, ಕಾಯುವುದೂ ಕಡಿಮೆ. ನೆರಳಿನ ಗಿಡವಾದ ಆಂಥೂರಿಯಂಗೆ ಉರಿಬೆಳಕು ಬೇಕಾಗಿಯೂ ಇಲ್ಲ. ತೂಗುಹಾಕುವಾಗ ಸೂರಿಗೆ ಒತ್ತಿ ಕಟ್ಟದೆ, ಬಿಸಿಗಾಳಿ ಮೇಲೇರಿ ಹೋಗಲು ಒಂದು ಗೇಣಾದರೂ ಜಾಗ ಬಿಡಿರಿ. ಒಂದು ಗಂಟೆ ಉರಿಸಿ, ಪ್ಲಗ್ ಕಿತ್ತು, ಬೆನ್ನಿನ ಮೇಲೆ ಅಂಗೈಯಿಟ್ಟು ನಿಧಾನವಾಗಿ ಐದು ಎಣಿಸಲಾಗದಿದ್ದರೆ ಆ ದೀಪವನ್ನು ಅಂಗಡಿಗೆ ಹಿಂದಿರುಗಿಸುವುದೇ ಸರಿ.