ಮುತ್ತಜ್ಜನ ಹಿಂದ ಯಾರಿದ್ರು? (ಸಂಪಾದಕರ ಉತ್ತರ)

ಪುಣೆಯಿಂದ ಬರದ ಓದುಗರಿಗೆ ನಮಸ್ಕಾರ. ಅಪ್ಪ ತೀರಿಕೊಂಡ ಮ್ಯಾಲೆ ಗೊತ್ತಾತು ಮುತ್ತಜ್ಜನ ಹಿಂದಿನವರ ಹೆಸರು ಯಾರಿಗೂ ಗೊತ್ತಿಲ್ಲ ಅಂತ, ನಾಡಕಚೇರಿಯಿಂದ ತಂದ ವಂಶವೃಕ್ಷ ಮೂರು ತಲೆಮಾರಿಗೇ ನಿಂತೈತಿ, ಡಿಎನ್‌ಎ ಟೆಸ್ಟ್ ಮಾಡಿಸ್ಲೇನು ಅಂತ ಕೇಳೀರಿ.

ಮಾಡಸ್ರಿ, ರೊಕ್ಕ ನಿಮ್ದು. ಆದ್ರ ಉಗುಳು ನೋಡಿ ಮುತ್ತಜ್ಜನ ಅಪ್ಪನ ಹೆಸರು ಯಾರೂ ಹೇಳಂಗಿಲ್ಲ. ಕಚೇರಿ ವಂಶವೃಕ್ಷ ಅಂತೂ ಪಾಲು ಹಂಚಾಕ ಮಾಡಿದ್ದು, ಅದಕ್ಕ ಬೇಕಾದಷ್ಟು ಮಂದಿ ಸಿಕ್ಕರ ಮುಗೀತು. ನೀವು ಮೂಲ ಬೆಳಗಾವಿ ಕಡೆಯವರು ಅಂದೀರಲ್ಲ, ಮೊದ್ಲು ಊರಾಗ ಒಂದು ಮಾತು ಕೇಳ್ರಿ, ನಮ್ಮ ಮನಿ ಹೆಳವರು ಯಾರು, ಕಡೀಗೆ ಯಾವಾಗ ಬಂದಿದ್ರು ಅಂತ. ಹೆಳವ ಅಂದ್ರ ಕುಂಟ, ಹಿಂದಕ್ಕ ಎತ್ತಿನ ಮ್ಯಾಲೆ ಕುಂತು ಗಂಟಿ ಬಾರಿಸ್ಕೋಂತ ಬರ್ತಿದ್ರು, ಮನೆತನಗಳ ಲೆಕ್ಕ ಇಡೋದು ಅವರ ಕಸುಬು.

ನಾ ಸಣ್ಣಾವಿದ್ದಾಗ ನಮ್ಮನಿಗೆ ಬಂದಾವ ಕಟ್ಟಿ ಮ್ಯಾಲೆ ಕುಂತು ಕೆಂಪು ಅರಿವಿ ಸುತ್ತಿದ್ದ ಉದ್ದನ ಚೋಪಡಿ ಬಿಚ್ಚಿ, ಯಾವ ಊರು ಬಿಟ್ಟು ಎದ್ದು ಬಂದ್ರಿ, ಅಣ್ಣತಮ್ಮರು ಯಾಕ ಬ್ಯಾರೆ ಆದ್ರು, ಎಲ್ಲಾ ಒಂದ ಉಸಿರಿಗೆ ಓದಿದ. ಹೊಸದಾಗಿ ಹುಟ್ಟಿದ ನನ್ನ ತಮ್ಮನ ಹೆಸರೂ ಬರ್ಕೊಂಡ, ಒಂದು ಚೀಲ ಜ್ವಾಳ ಕೊಟ್ವಿ. ಬಾಗಲದಾಗ ನಿಂತಿದ್ದ ಅಜ್ಜಿ "ನನ್ನ ಹೆಸರೆಲ್ಲೈತೋ ತಮ್ಮಾ" ಅಂದ್ಲು. ಅಂವ ಎರಡು ಹಾಳಿ ಹಿಂದಕ್ಕ ತಿರುವಿದ, ಮತ್ತ ಮುಂದಕ್ಕ ತಿರುವಿದ, ಸುಮ್ನ ನಕ್ಕ.

ಇನ್ನೊಂದು ತೊಡಕು, ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತೀವಲ್ಲ, ಹಿಂಗಾಗಿ ಬಸಪ್ಪ ಕಲ್ಲಪ್ಪ, ಕಲ್ಲಪ್ಪ ಬಸಪ್ಪ, ಮತ್ತ ಬಸಪ್ಪ ಕಲ್ಲಪ್ಪ, ನಡುವ ಎರಡು ತಲೆಮಾರು ಗುಳುಂ ಆದ್ರೂ ಗೊತ್ತಾಗಂಗಿಲ್ಲ, ಹಳೇ ಉತಾರ (ಹೊಲದ ಪಹಣಿ) ತಗಸಿ ತಾಳೆ ನೋಡ್ರಿ. ಅಡ್ಡಹೆಸರನ್ನೂ ಪೂರಾ ನಂಬಬ್ಯಾಡ್ರಿ, ಅಣ್ಣ ವ್ಯಾಪಾರ ಮಾಡಿ ಮೆಣಸಿನಕಾಯಿ ಆಗಿರ್ತಾನ, ಊರು ಬಿಟ್ಟ ತಮ್ಮಗ ಹಳೇ ಊರಿನ ಹೆಸರೇ ಅಂಟಿರ್ತೈತಿ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಾಗ, ಅದಕ್ಕೂ ಹಿಂದಿನವರಿಗೆ ಸಾಲಿ ದಾಖಲೆ ನೋಡೂಣಂದ್ರ ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕ!

ನಿಮ್ಮ ಸೋದರತ್ತಿ ಹುಬ್ಬಳ್ಳಿಯಾಗ ಅದಾರ, 84 ವಯಸ್ಸು ಅಂತ ಕಡೀ ಸಾಲಿನಾಗ ಬರದೀರಿ, ಅದನ್ನ ಮೊದ್ಲು ಬರೀಬೇಕಿತ್ತು. ಬರೋ ರವಿವಾರನ ಹೋಗ್ರಿ, ಫೋನಿನಾಗ ರೆಕಾರ್ಡ್ ಹಚ್ಚಿ ಇಡ್ರಿ. ವಂಶ ಗಿಂಶ ಅಂತ ಕೇಳಬ್ಯಾಡ್ರಿ, ಯಾರ ಮದುವಿಗೆ ಯಾವ ಊರಿಗೆ ಬಂಡಿ ಕಟ್ಟಿದ್ರಿ ಅಂತ ಕೇಳ್ರಿ, ನಿಮ್ಮವ್ವನ ತವರುಮನಿ ಯಾವ್ದು, ಅವರವ್ವನ್ದು ಯಾವ್ದು ಅಂತ ಕೇಳ್ರಿ. ಚೋಪಡಿಯಾಗ ಇಲ್ಲದ ಹೆಸರು ಅವರ ಬಾಯಾಗ ಇರ್ತಾವ.