ತಿಂಗಳುಗಟ್ಟಲೆ ನಿಂತ ಹಳೆ ಸ್ಪ್ಲೆಂಡರ್ ಸ್ಟಾರ್ಟ್ ಆಗುತ್ತಿಲ್ಲ, ಏನು ಮಾಡಲಿ?

ಅಪ್ಪನ 2006ರ ಸ್ಪ್ಲೆಂಡರ್ ಮಳೆಗಾಲವಿಡೀ ತೀರ್ಥಹಳ್ಳಿಯ ಮನೆ ಕೊಟ್ಟಿಗೆಯಲ್ಲಿ ನಿಂತಿತ್ತು, ಈಗ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ, ಮೆಕ್ಯಾನಿಕ್ ಬ್ಯಾಟರಿ, ಪ್ಲಗ್, ಕಾಯಿಲ್ ಎಲ್ಲ ಹೊಸದು ಹಾಕಬೇಕು ಅಂದರು ಎಂದು ಬರೆದಿದ್ದೀರಿ. ದಯವಿಟ್ಟು ಈಗಲೇ ಏನೂ ಕೊಳ್ಳಬೇಡಿ. ನಿಲ್ಲಿಸುವಾಗ ಚೆನ್ನಾಗಿ ಓಡುತ್ತಿದ್ದ ಗಾಡಿ ಅಲ್ವಾ? ಹಾಗಿದ್ದರೆ ನನ್ನ ಮೊದಲ ಅನುಮಾನ ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಮೇಲೆ. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಸುಮ್ನೆ ನಿಂತು ಕೆಡುವುದು ಅಪರೂಪ. ಆ ಕಾಲದ ಸ್ಪ್ಲೆಂಡರ್‌ಗೆ ಕಿಡಿಯ ಕರೆಂಟ್ ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದ ಬರುತ್ತದೆ. ಬ್ಯಾಟರಿ ಪೂರ್ತಿ ಇಳಿದಿದ್ದರೂ ಕಿಕ್‌ಗೆ ಸ್ಟಾರ್ಟ್ ಆಗಬೇಕು.

ಕಾರ್ಬುರೇಟರ್ ಕೆಳಗಿನ ಬೌಲ್‌ನಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ನಿಂತಿರುತ್ತದೆ. ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲು ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶವೇ ಬೇಕು. ಗಾಡಿ ನಿಂತಾಗ ಮೊದಲು ಹಾರಿಹೋಗುವುದೂ ಅದೇ. ಉಳಿಯುವುದು ವಾರ್ನಿಶ್‌ನಂಥ ಅಂಟು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಬೇರೆ ಇದೆ, ಅದು ಗಾಳಿಯ ತೇವ ಹೀರುತ್ತದೆ. ನಿಮ್ಮ ಕಡೆಯ ಮಳೆಗೆ ಕೇಳಬೇಕೇ? ತೇವ ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಆ ಬೌಲ್‌ನ ಪೆಟ್ರೋಲಿಗೆ ನೂರು ಕಿಕ್ ಹೊಡೆದರೂ ಕಾಲು ನೋವು ಮಾತ್ರ.

ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಿ. ಬೌಲ್ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇದೆ. ಕೆಳಗೆ ಗಾಜಿನ ಬಾಟಲಿ ಹಿಡಿದು ಅದನ್ನು ಸಡಿಲ ಮಾಡಿ. ಇಳಿದದ್ದು ಕಂದು ಬಣ್ಣಕ್ಕಿದ್ದರೆ, ಹುಳಿ ವಾಸನೆ ಹೊಡೆದರೆ ಅಥವಾ ತಳದಲ್ಲಿ ಬೇರೆ ಪದರ ಕೂತರೆ ಕಾರಣ ಸಿಕ್ಕಿತು. ಟ್ಯಾಂಕಿನ ಹಳೆ ಪೆಟ್ರೋಲನ್ನೂ ತೆಗೆದು ಎರಡು ಲೀಟರ್ ಹೊಸದು ಹಾಕಿ. ಸ್ಕ್ರೂ ಬಿಗಿ ಮಾಡಿ, ಕಾಕ್ ತೆರೆದು, ಬೌಲ್ ತುಂಬಲು ಒಂದೆರಡು ನಿಮಿಷ ಬಿಡಿ. ಕೀ ಹಾಕದೆ ಏಳೆಂಟು ಕಿಕ್ ಮೆಲ್ಲಗೆ ಹೊಡೆಯಿರಿ, ಒಳಗೆ ಆಯಿಲ್ ಓಡಾಡಲಿ. ಆಮೇಲೆ ಚೋಕ್ ಎಳೆದು, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಓವರ್‌ಫ್ಲೋ ಆಗಿದೆ ಅಂತ. ಆಗ ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹೊಡೆಯಿರಿ.

ಚೋಕ್ ಇದ್ದಾಗ ಓಡಿ, ತೆಗೆದ ತಕ್ಷಣ ಆಫ್ ಆಗುತ್ತಿದ್ದರೆ ಪೈಲಟ್ ಜೆಟ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಕಟ್ಟಿದೆ. ಅದರ ತೂತು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಹಾಗಾಗಿ ಮೊದಲು ಕಟ್ಟುವುದು ಅದೇ. ಕಾರ್ಬುರೇಟರ್ ಬಿಚ್ಚಿ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಹಿಡಿಸಿ. ವೈರಿನ ಒಂದು ತಾಮ್ರದ ಎಳೆ ತೂರಿಸಬಹುದು. ಸೂಜಿಯನ್ನಂತೂ ಯಾರಿಗೂ ಹಾಕಲು ಬಿಡಬೇಡಿ. ಜೆಟ್ ಹಿತ್ತಾಳೆಯದು, ತೂತು ದೊಡ್ಡದಾದರೆ ಮೈಲೇಜ್ ಹೋಯಿತು. ಕೊಟ್ಟಿಗೆಯಲ್ಲಿ ನಿಂತ ಗಾಡಿಯಾದ್ದರಿಂದ ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು, ಸೈಲೆನ್ಸರ್ ಬಾಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣು ಇದೆಯಾ ನೋಡಿ. ಮಲೆನಾಡಿನಲ್ಲಿ ಇದು ಮಾಮೂಲು.

ಇಷ್ಟಾದರೂ ಆಗದಿದ್ದರೆ ಪ್ಲಗ್ ಬಿಚ್ಚಿ, ಒರೆಸಿ, ಕ್ಯಾಪ್‌ಗೆ ಹಾಕಿ ಎಂಜಿನ್ ಮೈಗೆ ತಾಗಿಸಿ ಕಿಕ್ ಹೊಡೆದು ಕಿಡಿ ನೋಡಿ. ತೆಗೆದ ಪೆಟ್ರೋಲ್ ಹತ್ತಿರ ಇರಬಾರದು, ಪ್ಲಗ್ ತೂತಿನಿಂದಲೂ ದೂರ ಹಿಡಿಯಿರಿ. ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಒಂದನ್ನೇ ಹಾಕಿ ನೋಡಿ. ಆಗಲೂ ಇಲ್ಲದಿದ್ದರೆ ಮಾತ್ರ ಕಾಯಿಲ್ ವಿಷಯ ಮಾತಾಡಿ.

ಮುಂದಿನ ಸಲ ನಿಲ್ಲಿಸುವಾಗ ಕಾಕ್ ಬಂದ್ ಮಾಡಿ, ಗಾಡಿ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಉಳಿದದ್ದನ್ನು ಡ್ರೈನ್ ಸ್ಕ್ರೂನಿಂದ ಇಳಿಸಿಬಿಡಿ.